ಕೈಗೆ ಹುಳ ಕೊಟ್ಟು ನೋಡಿ

ಗೇಟಿನ ಹೊರಗೆ ನಿಂತ ಅಷ್ಟೂ ಜನರಲ್ಲಿ ರೈತ ಅನ್ನುವವನು ತಾನೊಬ್ಬನೇ ಎಂದು ಮುನೇಶನಿಗೆ ಖಾತ್ರಿಯಾಗಿ ಅರ್ಧ ಗಂಟೆಯಾಗಿತ್ತು. ಅವನು ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ಕಾರಿನ ಬಾಗಿಲ ಮೇಲೆ ತಾಳ ಹಾಕುವ ಕೈ, ನೀರಿನ ಬಾಟಲಿಯ ಮುಚ್ಚಳ ತಿರುಗಿಸುವ ಕೈ, ಮಗನ ಹಾಲ್ ಟಿಕೆಟ್ಟನ್ನು ಪ್ಲಾಸ್ಟಿಕ್ ಕವರಿನೊಳಕ್ಕೆ ತುರುಕುವ ಉಂಗುರದ ಕೈ. ಒಂದರಲ್ಲೂ ಹಿಪ್ಪುನೇರಳೆ ಸೊಪ್ಪಿನ ಹಾಲು ಅಂಟಿ ಕರ್ರಗಾದ ಉಗುರಿಲ್ಲ. ರೈತರ ಮಕ್ಕಳ ಕೋಟಾದ ಪ್ರಾಕ್ಟಿಕಲ್ ಪರೀಕ್ಷೆ ಎಂದು ಗೇಟಿಗೆ ಬ್ಯಾನರ್ ಕಟ್ಟಿದ್ದಾರೆ. ಸಿಇಟಿ ಬರೆದು ಬಿಎಸ್ಸಿ ಅಗ್ರಿಯೋ ರೇಷ್ಮೆಯೋ ಬೇಕೆನ್ನುವ ರೈತರ ಮಕ್ಕಳಿಗೆ ಸೀಟು ಬೇರೆಯಾಗಿಟ್ಟು, ಇವರು ನಿಜವಾಗಿ ರೈತರ ಮಕ್ಕಳೇ ಎಂದು ನೋಡುವುದಕ್ಕೆ ಬೀಜ, ಗೊಬ್ಬರ, ಹುಳ, ಗೂಡುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಗುರುತು ಹಿಡಿಸುತ್ತಾರಂತೆ. ಹಾಗಾದರೆ ಈ ಕಾರುಗಳು ಯಾರವು? ಈ ಕೂಲಿಂಗ್ ಗ್ಲಾಸು ಯಾವ ಹೊಲದಿಂದ ಎದ್ದು ಬಂದದ್ದು? ಚಿಂತಾಮಣಿಯ ಮೇ ತಿಂಗಳ ಬಿಸಿಲು ಬೆಳಿಗ್ಗೆ ಒಂಬತ್ತಕ್ಕೇ ನೆತ್ತಿಗೆ ಏರಿತ್ತು, ಸಾದಲಿ ಪಕ್ಕದ ತನ್ನ ಹಳ್ಳಿಯಿಂದ ಬೈಕಿನಲ್ಲಿ ಬಂದಿದ್ದರಿಂದ ಅವನ ರೆಪ್ಪೆಯ ಮೇಲೆಲ್ಲ ಧೂಳು ಕೂತಿತ್ತು, ಮತ್ತು ಒಳಗೆ ಏನೋ ಒಂದು ಕುದಿಯುತ್ತಿತ್ತು. ಈ ಕುದಿ ಅವನಿಗೆ ಹೊಸದಲ್ಲ. ಯಾವುದಾದರೂ ಗೇಟಿನ ಹೊರಗೆ ಕಾಯುತ್ತ ನಿಂತರೆ ಸಾಕು, ಬ್ಯಾಂಕಾಗಲಿ ತಾಲ್ಲೂಕಾಫೀಸಾಗಲಿ ಹೈಸ್ಕೂಲಾಗಲಿ, ಅದು ತಾನಾಗಿ ಒಲೆ ಹೊತ್ತಿಸಿಕೊಳ್ಳುತ್ತಿತ್ತು.

ತಂಗಿ ಯಾಮಿನಿ ಹೊಂಗೆ ಮರದ ಕೆಳಗೆ ಕರ್ಚೀಫು ಹಾಸಿ ಕೂತು ನೋಟ್‌ಬುಕ್ ತಿರುವುತ್ತಿದ್ದಳು. ಅವಳ ಕೈ ನೋಡಿದರೆ ಮಾತ್ರ ಮುನೇಶನಿಗೆ ಬೇರೆ ಥರ ಆಗುತ್ತಿತ್ತು. ತೆಳ್ಳನೆಯ ಬೆರಳು, ಬಿಳೀ ಉಗುರು, ಮಧ್ಯದ ಬೆರಳಿನಲ್ಲಿ ಪೆನ್ನು ಒತ್ತಿ ಎದ್ದ ಒಂದು ಸಣ್ಣ ಗಂಟು. ಆ ಕೈಯನ್ನು ಹಾಗೆ ಇಟ್ಟಿದ್ದು ತಾನು. ರೇಷ್ಮೆ ಹುಳದ ಮನೆಯಲ್ಲಿ ಬೆಳೆ ಇದ್ದಾಗ ಬೇರೆ ಮನೆಗಳ ಹೆಣ್ಣುಮಕ್ಕಳು ಸ್ಕೂಲಿಗೆ ಚಕ್ಕರ್ ಹೊಡೆದು ಸೊಪ್ಪು ಕೊಯ್ಯುತ್ತಿದ್ದರು, ಯಾಮಿನಿ ಮಾತ್ರ ನಡುಮನೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದಳು. 'ಸೊಪ್ಪಿನ ಬುಟ್ಟೀನ ಮುಟ್ಟಕ್ಕೂ ಬಿಟ್ಟಿಲ್ಲ ನಾನು' ಎಂದು ಅವನು ಊರಿನ ಹಾಲಿನ ಡೇರಿಯ ಮುಂದೆ ಎಷ್ಟು ಸಲ ಹೇಳಿದ್ದಾನೋ. ಹೇಳಿ ಹೇಳಿ ಆ ಮಾತಿಗೆ ಒಂದು ಹೊಳಪು ಬಂದುಬಿಟ್ಟಿತ್ತು. ಬೆಳಿಗ್ಗೆ ಬೈಕಿನ ಮೇಲೆ ಶಿಡ್ಲಘಟ್ಟ ದಾಟುವವರೆಗೂ ಪ್ರಶ್ನೆ ಕೇಳಿಕೊಂಡೇ ಬಂದಿದ್ದ. ಅವಳು ಗಾಳಿಯಲ್ಲಿ ದುಪಟ್ಟ ಹಿಡಿದುಕೊಂಡು ಬೆನ್ನ ಹಿಂದಿನಿಂದ ಪಟಪಟನೆ ಉತ್ತರ ಒಪ್ಪಿಸಿದ್ದಳು. ಸುಣ್ಣಕಟ್ಟು ರೋಗ ಅಂದರೆ? ಹುಳ ಸತ್ತು ಸುಣ್ಣದ ಕಡ್ಡಿ ಥರ ಆಗುತ್ತೆ. ಗಂಟು ರೋಗ? ಮೊಟ್ಟೆಯಿಂದಾನೇ ಬರುತ್ತೆ. ಊಜಿ ನೊಣ? ಹುಳದ ಮೈ ಮೇಲೆ ಮೊಟ್ಟೆ ಇಡುತ್ತೆ, ಕಪ್ಪು ಚುಕ್ಕೆ ಬೀಳುತ್ತೆ. ಎಲ್ಲ ಫೋನಿನಲ್ಲಿ ಚಿತ್ರ ನೋಡಿ ಕಲಿತದ್ದು. ಹಾಲು ರೋಗ ಅಂದಾಗ ಮಾತ್ರ ಹಿಂದಿನಿಂದ ಉತ್ತರ ಬರಲಿಲ್ಲ. ಗಾಳಿಗೆ ಕೇಳಿಸಲಿಲ್ಲವೇನೋ ಎಂದುಕೊಂಡ ಅವನು ಇನ್ನೊಂದು ಸಲ ಕೇಳಲೂ ಇಲ್ಲ. ಸಿಇಟಿಯಲ್ಲಿ ಎಷ್ಟು ಬರಬಹುದೆಂದು ಕೀ ಉತ್ತರ ಇಟ್ಟುಕೊಂಡು ಅವಳೇ ಲೆಕ್ಕ ಹಾಕಿದ್ದಳು. ಜನರಲ್ ಮೆರಿಟ್ಟಿನಲ್ಲಿ ಏನೂ ಸಿಗುವುದಿಲ್ಲ, ಈ ಕೋಟಾದಲ್ಲಾದರೆ ಸಿಗುತ್ತದೆ, ಇವತ್ತಿನದರಲ್ಲಿ ಚೆನ್ನಾಗಿ ಬಂದರೆ. ಅಷ್ಟೇ ವಿಷಯ. ಬಂದರೆ ಅವಳು ನಾಲ್ಕು ವರ್ಷ ಓದಿ, ಒಂದು ದಿನ ಕೋಟು ಹಾಕಿಕೊಂಡು ಇಂಥದೇ ಗೇಟಿನ ಒಳಗಡೆ ನಿಲ್ಲುತ್ತಾಳೆ. ಬರದಿದ್ದರೆ, ಅಮ್ಮ ಕೊಂಡಮ್ಮ ಈಗಾಗಲೇ ಪೆರೇಸಂದ್ರದ ಕಡೆಯ ಒಂದು ಸಂಬಂಧದ ಮಾತೆತ್ತಿದ್ದಾಳೆ.

"ಅಂಕಲ್, ಇದು ಸಾಮೆನಾ ನವಣೆನಾ?"

ತನ್ನನ್ನೇ ಕೇಳಿದ್ದು ಎಂದು ಗೊತ್ತಾಗುವುದಕ್ಕೆ ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇಪ್ಪತ್ತೇಳು ವರ್ಷಕ್ಕೆ ಅಂಕಲ್! ಜೀನ್ಸು ಹಾಕಿದ್ದ ಹುಡುಗಿಯೊಬ್ಬಳು ಖಾನೆ ಖಾನೆಗಳ ಪ್ಲಾಸ್ಟಿಕ್ ಡಬ್ಬಿಯನ್ನು ಅವನ ಮುಖದ ಹತ್ತಿರ ಹಿಡಿದಿದ್ದಳು. ಒಂದೊಂದು ಖಾನೆಯಲ್ಲೂ ಒಂದೊಂದು ಹಿಡಿ ಬೀಜ. ಎಲ್ಲದರ ಮೇಲೂ ಹೆಸರು ಬರೆದ ಚೀಟಿ ಅಂಟಿಸಿತ್ತು, ಎರಡು ಚೀಟಿ ಮಾತ್ರ ಕಿತ್ತುಬಂದಿದ್ದವು.

"ನವಣೆ" ಎಂದ ಮುನೇಶ. "ಸಾಮೆ ಇನ್ನೂ ಸಣ್ಣಕಿರುತ್ತೆ, ಬೂದಿ ಬಣ್ಣ."

"ಥ್ಯಾಂಕ್ಸ್ ಅಂಕಲ್."

"ನೋಡು ಭಾನುಪ್ರಿಯಾ, ಕೋಚಿಂಗಲ್ಲಿ ಎರಡು ದಿನ ಕೂತು ಕಲ್ತಿದ್ದನ್ನ ಇವರು ಒಂದು ನಿಮಿಷಕ್ಕೆ ಹೇಳಿಬಿಟ್ರು" ಎಂದು ಅವಳ ಅಪ್ಪ ನಗುತ್ತ ಮುಂದೆ ಬಂದ. ಹೆಸರು ರಮೇಶ್‌ಬಾಬು, ಗೌರಿಬಿದನೂರಿನಲ್ಲಿ ಸಿಮೆಂಟ್ ಅಂಗಡಿ ಎಂದು ಕೇಳದೆಯೇ ಹೇಳಿದ. ಚಿಕ್ಕಬಳ್ಳಾಪುರದಲ್ಲಿ ಈಗ ಈ ಪ್ರಾಕ್ಟಿಕಲ್‌ಗೂ ಕೋಚಿಂಗ್ ಕೊಡುತ್ತಾರಂತೆ, ಡಬ್ಬಿ ಅವರೇ ಕೊಟ್ಟಿದ್ದಂತೆ.

"ಜಮೀನೆಲ್ಲೈತೆ ಸಾರ್ ನಿಮ್ದು?" ಮುನೇಶ ಮೆತ್ತಗೆ ಕೇಳಿದ.

"ನಂದಿ ಹತ್ರ ಮೂರೆಕರೆ, ನಮ್ಮಪ್ಪಂದು. ಗುತ್ತಿಗೆಗೆ ಬಿಟ್ಟಿದೀವಿ ಕಣಪ್ಪಾ."

"ಏನ್ ಹಾಕವ್ರೆ ಈಗ?"

"ಏನೋ ಇರಬೇಕು... ಜೋಳ ಅಲ್ವೇನಮ್ಮಾ?"

"ದ್ರಾಕ್ಷಿ ಅಪ್ಪಾ! ಎಷ್ಟು ಸಲ ಹೇಳೋದು ನಿಂಗೆ!"

ಅಪ್ಪ ಮಗಳು ಇಬ್ಬರೂ ನಕ್ಕರು. ಆ ನಗುವಿನಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ರಮೇಶ್‌ಬಾಬು ಕಾರಿನಿಂದ ಇಡ್ಲಿಯ ಡಬ್ಬಿ ತೆಗೆದು, ಬೆಳಿಗ್ಗೆ ಏನು ತಿಂದು ಹೊರಟಿರೋ ಏನೋ, ತಗೊಳ್ಳಪ್ಪಾ, ಆ ನಿನ್ನ ತಂಗಿಗೂ ಕೊಡು ಎಂದು ಬಲವಂತ ಮಾಡಿದ. ಬೈಯುವುದಕ್ಕೆ ಒಂದು ಹಿಡಿ ಸಿಗದಂಥ ಮನುಷ್ಯ. ಮುನೇಶ ಬೇಡವೆಂದರೂ ಒಂದು ಇಡ್ಲಿ ಅವನ ಕೈಗೆ ಬಂತು. ಅದನ್ನು ನಿಂತಲ್ಲೇ ನುಂಗುವಾಗ, ಇವರ ಮನೆಯ ಇಡ್ಲಿ ತಿನ್ನುತ್ತಾ ಇವರನ್ನೇ ಮನಸ್ಸಿನಲ್ಲಿ ಬೈಯುತ್ತಿದ್ದೇನಲ್ಲ ಎನಿಸಿ, ಕೋಪ ಕಡಿಮೆಯಾಗುವ ಬದಲು ಇಮ್ಮಡಿಯಾಯಿತು. ಯಾಮಿನಿಯ ಹತ್ತಿರ ಡಬ್ಬಿ ಇಲ್ಲ. ಕೋಚಿಂಗ್ ಯಾಕೆ, ಮನೇಲೇ ಎಲ್ಲ ಇದೆಯಲ್ಲ ಎಂದಿದ್ದವನು ತಾನೇ.

ಅಷ್ಟರಲ್ಲಿ ಒಳಗಿನಿಂದ ವಯಸ್ಸಾದ ಪ್ರೊಫೆಸರೊಬ್ಬರು ಗೇಟಿನತ್ತ ಬಂದರು. ಮೊದಲ ಬ್ಯಾಚಿನವರನ್ನು ಒಳಗೆ ಬಿಡಿ ಎಂದು ಕಾವಲುಗಾರ ಗಂಗುಲಪ್ಪನಿಗೆ ಹೇಳಿದರು. ಅವರ ಹಿಂದೆ ಒಬ್ಬ ಆಳು ಬಿದಿರಿನ ತಟ್ಟೆಯೊಂದನ್ನು ತಲೆಯ ಮೇಲೆ ಹೊತ್ತುಕೊಂಡು ಪರೀಕ್ಷೆಯ ಹಾಲಿನ ಕಡೆ ದಾಟಿಹೋದ. ನೋಡುವ ಮೊದಲೇ ಮುನೇಶನ ಮೂಗಿಗೆ ಗೊತ್ತಾಯಿತು. ಹಣ್ಣಾದ ಹುಳ, ಐದನೇ ಹಂತ ಮುಗಿದು ಗೂಡು ಕಟ್ಟಲು ಸಿದ್ಧವಾದವು. ಎಲ್ಲ ಬಿಟ್ಟು ಅವನಿಗೆ ಒಂಬತ್ತನೇ ಕ್ಲಾಸಿನ ವಿಜ್ಞಾನ ಮೇಳ ಕಣ್ಣ ಮುಂದೆ ಬಂತು. ಇಂಥದೇ ತಟ್ಟೆಯನ್ನು ಅವನು ಮನೆಯಿಂದ ಮೂರು ಮೈಲಿ ತಲೆಯ ಮೇಲೆ ಹೊತ್ತುಕೊಂಡು ಸ್ಕೂಲಿಗೆ ಹೋಗಿದ್ದ, ಒಂದು ಹುಳವೂ ಅಲುಗದ ಹಾಗೆ, ಕಾಲಲ್ಲಿ ಚಪ್ಪಲಿ ಇಲ್ಲದೆ. ತಟ್ಟೆಯನ್ನು ಮೇಜಿನ ಮೇಲಿಟ್ಟ ಮೇಲೆ ಮೇಷ್ಟ್ರು, ಸರಿ ಕಣೋ, ಇನ್ನು ನೀನು ಹಿಂದೆ ಹೋಗು, ಬಾಯಿ ಬಿಟ್ಟರೆ ಅರ್ಧ ತೆಲುಗು ಬರುತ್ತೆ ನಿಂಗೆ, ಸುನೀಲ್‌ಕುಮಾರ ವಿವರಣೆ ಕೊಡಲಿ ಎಂದಿದ್ದರು. ಸುನೀಲ್‌ಕುಮಾರ ಚಾರ್ಟು ನೋಡಿಕೊಂಡು ಇಂಗ್ಲಿಷಿನಲ್ಲಿ ಹುಳದ ಹೆಸರು ಹೇಳಿದ, ಬಂದ ಆಫೀಸರು ಅವನ ಬೆನ್ನು ತಟ್ಟಿದರು. ಮುನೇಶ ನೀರಿನ ಟ್ಯಾಂಕಿನ ಹಿಂದೆ ನಿಂತು ತನ್ನ ಹುಳಗಳಿಗೆ ಸೊಪ್ಪು ಹಾಕುವ ಹೊತ್ತು ಮೀರುತ್ತಿದೆ ಎಂದು ಚಡಪಡಿಸಿದ್ದ. ಸ್ಕೂಲು ಬಿಟ್ಟದ್ದು ಅದರಿಂದಲ್ಲ, ಅಪ್ಪ ಹಾಸಿಗೆ ಹಿಡಿದದ್ದರಿಂದ. ಆದರೆ ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಿದರೆ ಮೊದಲು ಕಣ್ಣಿಗೆ ಬರುವುದು ಆ ನೀರಿನ ಟ್ಯಾಂಕೇ. ಗೇಟಿನ ಹೊರಗೆ ಸಾಲು ಹಿಡಿದ ಹುಡುಗ ಹುಡುಗಿಯರ ಕೈಯಲ್ಲಿ ಒಂದೇ ಥರದ ಹತ್ತಾರು ಡಬ್ಬಿಗಳು ಮಿಂಚಿದವು. ಅವನ ಕಾಲು ತಾನಾಗಿ ಮುಂದಕ್ಕೆ ಹೋಯಿತು.

"ಸಾರ್, ಒಂದ್ ಮಾತು."

"ಹೇಳಪ್ಪಾ" ಎಂದರು ಪ್ರೊಫೆಸರ್ ವೆಂಕಟರಾಯಪ್ಪ.

"ಇದು ರೈತರ ಮಕ್ಕಳ ಪರೀಕ್ಷೆ ತಾನೇ ಸಾರ್? ನೋಡಿ ಇಲ್ಲಿ, ಡಬ್ಬೀಲಿ ಬೀಜ ಹಾಕ್ಕೊಂಡು ಬಾಯಿಪಾಠ ಮಾಡ್ಕೊಂಡ್ ಬಂದವ್ರೆ. ಬರೀ ಹೆಸರು ಬರೆಯೋದಾದ್ರೆ ಯಾರ್ ಬೇಕಾದ್ರೂ ಬರೀತಾರೆ. ಕೈಗೆ ಹುಳ ಕೊಟ್ಟು ನೋಡಿ ಸಾರ್! ಎತ್ತೋದ್ರಲ್ಲೇ ಗೊತ್ತಾಗೋಗುತ್ತೆ, ಯಾರ ಮನೇಲಿ ತಟ್ಟೆ ಐತೆ, ಯಾರ ಮನೇಲಿ ಬರೀ ಪಹಣಿ ಐತೆ ಅಂತ."

ಹಿಂದೆ ಯಾರೋ ಸಿಳ್ಳೆ ಹಾಕಿದರು. ಯಾರೋ, ಇವನ್ಯಾರಪ್ಪ ಎಂಎಲ್ಎ ಎಂದರು. ರಮೇಶ್‌ಬಾಬು ಇಡ್ಲಿಯ ಡಬ್ಬಿ ಮುಚ್ಚುತ್ತ, ಮಾತಲ್ಲಿ ನ್ಯಾಯ ಐತೆ ಬಿಡಿ ಎಂದ, ಅದೂ ನಗುತ್ತಲೇ. ವೆಂಕಟರಾಯಪ್ಪ ಮಾತ್ರ ನಗಲಿಲ್ಲ. ಕನ್ನಡಕವನ್ನು ಹಣೆಗೇರಿಸಿ ಮುನೇಶನ ಮುಖವನ್ನಲ್ಲ, ಕೈಯನ್ನು ನೋಡಿದರು.

"ಏಮಪ್ಪಾ, ಯಾವೂರು?"

"ಸಾದಲಿ ಪಕ್ಕ ಸಾರ್."

"ಎಲ್ಲೀವರೆಗೆ ಓದಿದೀಯ?"

"ಒಂಬತ್ತು."

"ಸರಿ. ಹಣ್ಣಾದ ಹುಳಾನ ಹೆಂಗೆ ಹಿಡೀತೀಯ, ಹೇಳು."

"ಹಿಡಿಯಂಗಿಲ್ಲ ಸಾರ್, ಎತ್ತಬೇಕು. ಬೆರಳಲ್ಲಿ ಅಮುಕಿದ್ರೆ ಒಳಗಿನ ರೇಷ್ಮೆ ಹಾಳಾಗೋಗುತ್ತೆ. ಅದು ಸೊಪ್ಪು ಬಿಟ್ಟು ತಲೆ ಎತ್ಕೊಂಡು ಆ ಕಡೆ ಈ ಕಡೆ ಹುಡುಕ್ತಿರುತ್ತೆ. ಆವಾಗ ಬೆರಳನ್ನ ಅದರ ಮುಂದೆ ಇಡಬೇಕು, ಅಷ್ಟೇ. ಅದೇ ಹತ್ತುತ್ತೆ. ಬೆಳಕಿಗೆ ಹಿಡಿದ್ರೆ ಕತ್ತಿನ ಹತ್ರ ಒಳಗಿನಿಂದ ದೀಪ ಹಚ್ಚಿದಂಗೆ ಕಾಣ್ಬೇಕು. ಕಾಣದಿದ್ರೆ ಇನ್ನೂ ಕಾಯಿ, ವಾಪಸ್ ಬಿಡಬೇಕು."

ಕಾರುಗಳವರು, ಕೂಲಿಂಗ್ ಗ್ಲಾಸಿನವರು, ಎಲ್ಲರೂ ಅವನ ಮಾತು ಕೇಳುತ್ತಿದ್ದರು. ಒಂದು ತೆಲುಗು ಶಬ್ದವೂ ಬಂದಿರಲಿಲ್ಲ. "ನಲವತ್ತು ವರ್ಷ ಪಾಠ ಮಾಡಿದೀನಿ, ನನಗೆ ಇಷ್ಟು ಚೆನ್ನಾಗಿ ಹೇಳಕ್ಕೆ ಬರಲಿಲ್ಲ ನೋಡು" ಎಂದರು ವೆಂಕಟರಾಯಪ್ಪ. "ಬಾಯಿಪರೀಕ್ಷೆ ನಂದೇ. ಹಂಗೇ ಮಾಡಣ, ಎಲ್ಲರ ಕೈಗೂ ಹುಳ ಕೊಟ್ಟೇ ಕೇಳ್ತೀನಿ." ಗೇಟು ತೆರೆಯಿತು, ಮೊದಲ ಬ್ಯಾಚು ಒಳಗೆ ಹೋಯಿತು, ಭಾನುಪ್ರಿಯಾ ಹೋಗುತ್ತ ಅವನ ಕಡೆ ತಿರುಗಿ, ಅಂಕಲ್ ನಮ್ಮನ್ನ ಸಾಯಿಸಿಬಿಟ್ರಿ ಎಂದಳು. ಮುನೇಶನ ಎದೆ ಹಗುರಾಗಿತ್ತು. ಹನ್ನೆರಡು ವರ್ಷದಿಂದ ಗಂಟಲಿನಲ್ಲಿ ನಿಂತಿದ್ದ ಯಾವುದೋ ಮುಳ್ಳು ಇವತ್ತು ಹೊರಗೆ ಬಿತ್ತು ಅನ್ನಿಸಿತು. ಅವನು ಹೊಂಗೆ ಮರದ ಕಡೆ ಗೆದ್ದವನ ಹಾಗೆ ನಡೆದ.

ಯಾಮಿನಿ ನೋಟ್‌ಬುಕ್ ಮುಚ್ಚಿದ್ದಳು. "ಯಾಕಣ್ಣ ಹಂಗೆ ಕೂಗಾಡಿದೆ?"

"ನಿನಗೋಸ್ಕರಾನೇ ಕಣಮ್ಮ. ಈ ಡಬ್ಬಿ ಪಾರ್ಟಿಗಳಿಗೆಲ್ಲ ಇವತ್ತೈತೆ."

"ಕೈಗೇ ಕೊಡ್ತಾರಂತಾ?"

"ಕೊಡಲಿ ಬಿಡು. ನಾವೇನು ಸಿಮೆಂಟು ಮಾರೋರಾ?"

ಅವಳು ಅಂಗೈಗಳನ್ನು ದುಪಟ್ಟದ ತುದಿಗೆ ಒರೆಸಿದಳು. ಮತ್ತೆ ಒರೆಸಿದಳು. ಬಾಟಲಿಯ ನೀರನ್ನು ಅಂಗೈಗೆ ಹಾಕಿಕೊಂಡು ಉಜ್ಜಿ, ಮೂಸಿ ನೋಡಿದಳು. ಮುನೇಶ ಅದನ್ನು ನೋಡಿದ, ನೋಡಿಯೂ ಅವನ ಮನಸ್ಸು ಅದರ ಪಕ್ಕದಿಂದ ಜಾರಿಕೊಂಡು ಹೋಯಿತು. ರಸ್ತೆಯಲ್ಲಿ ಎದುರಿಗೆ ಬರುವ ಸಾಲ ಕೊಟ್ಟವನನ್ನು ಕಂಡು ಪಕ್ಕದ ಸಂದಿಗೆ ತಿರುಗುವವನ ಹಾಗೆ ಬೇರೆ ಕಡೆ ತಿರುಗಿ, ಆ ಪ್ರೊಫೆಸರು ತನ್ನ ಕೈ ನೋಡಿದ್ದನ್ನೇ ಎರಡನೇ ಸಲ, ಮೂರನೇ ಸಲ ಚಪ್ಪರಿಸಿತು. ಒಂದು ಗಂಟೆಯ ನಂತರ ಗಂಗುಲಪ್ಪ ಎರಡನೇ ಬ್ಯಾಚಿನ ನಂಬರು ಕೂಗಿದ. ಯಾಮಿನಿ ಎದ್ದಳು. ಎರಡು ಹೆಜ್ಜೆ ಹೋಗಿ ನಿಂತು, "ಅಣ್ಣ, ನಾನು..." ಎಂದಳು. "ಹೋಗು ಹೋಗು, ಗೇಟ್ ಹಾಕ್ಬಿಡ್ತಾರೆ" ಎಂದ ಮುನೇಶ.

ಅವಳು ಹೋದ ಬಾಗಿಲಿನಿಂದಲೇ ಮೊದಲ ಬ್ಯಾಚಿನವರು ಹೊರಗೆ ಬಂದರು. ಭಾನುಪ್ರಿಯಾ ಓಡಿ ಬಂದು ಅಪ್ಪನ ತೋಳು ಹಿಡಿದುಕೊಂಡಳು. "ಅಪ್ಪಾ, ನಿಜವಾಗ್ಲೂ ಕೈಗೇ ಕೊಟ್ರು! ಮೊದಲು ಛೀ ಅನ್ನಿಸ್ತು, ಆಮೇಲೆ ಈ ಅಂಕಲ್ ಹೇಳಿದಂಗೆ ಬೆರಳು ಮುಂದೆ ಇಟ್ಟೆ. ಅದೇ ಹತ್ತಿಬಿಡ್ತು! ಎಷ್ಟು ತಣ್ಣಗಿತ್ತು ಗೊತ್ತಾ? ಸಾರು ವೆರಿಗುಡ್ ಅಂದ್ರು." ಹಿಂದೆ ಬಂದ ಇನ್ನಿಬ್ಬರು ಹುಡುಗರೂ, ಗೇಟಲ್ಲಿ ಆ ಅಣ್ಣ ಹೇಳಿದ್ದೇ ಕೇಳಿದ್ರು ಮಗಾ ಎಂದು ಅವನ ಕಡೆ ಕೈ ಎತ್ತಿದರು. ಮುನೇಶ ನಿಂತೇ ಇದ್ದ. ತಾನು ಅಲ್ಲಿ ನಿಂತು ಮಾಡಿದ್ದು ಅಷ್ಟೂ ಡಬ್ಬಿಯವರಿಗೆ ಪುಗಸಟ್ಟೆ ಪಾಠ. ಆದರೆ ಆ ಕ್ಷಣಕ್ಕೆ ಅವನಿಗೆ ಉರಿ ಬಂದದ್ದು ಅದಕ್ಕಲ್ಲ. ಛೀ ಅನ್ನಿಸಿದರೂ ಮುಟ್ಟಿದಳಂತೆ ಈ ಹುಡುಗಿ, ಅದು ಎಷ್ಟು ಸುಲಭವಾಗಿ ಹತ್ತಿಬಿಟ್ಟಿತಂತೆ ಎಂಬ ಮಾತು ಅವನಿಗೆ ಚುಚ್ಚಿತು, ಯಾಕೆಂದರೆ ಯಾಮಿನಿಗೆ ಛೀ ಅನ್ನಿಸುವುದಿಲ್ಲ. ಯಾಮಿನಿಗೆ ಹುಳ ಎಂದರೆ ಪ್ರಾಣವಾಗಿತ್ತು. ಹನ್ನೊಂದು ವರ್ಷ ಆಗ ಅವಳಿಗೆ. ನಂದಿಯಲ್ಲಿ ಯಾರದೋ ಮದುವೆಗೆ ಹೋಗಿ ಬಂದವಳು ಮಲ್ಲಿಗೆ, ಪೌಡರು, ಸೆಂಟು ಸಮೇತ ಸೀದಾ ಹುಳದ ಮನೆಗೆ ನುಗ್ಗಿದ್ದಳು. ನಾಲ್ಕನೇ ಸಲ ಪೊರೆ ಬಿಟ್ಟು ಎದ್ದು ಹುಳ ಆಗಷ್ಟೇ ಸೊಪ್ಪು ಕಚ್ಚುತ್ತಿದ್ದವು. ಒಂದನ್ನು ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು, ಅಣ್ಣಾ ನೋಡು ನನ್ನ ಬಳೆ ಎಂದು ಕೈ ಚಾಚಿದ್ದಳು. ಅವನೂ ನಕ್ಕಿದ್ದ. ಮೂರು ದಿನ ಬಿಟ್ಟು ನೋಡಿದರೆ ಹುಳಗಳ ಗೆಣ್ಣು ಗೆಣ್ಣು ಊದಿ, ಚರ್ಮ ಹೊಳೆದು, ತಟ್ಟೆಯ ಅಂಚಿಗೆ ಹರಿದು ಹರಿದು ಒಡೆದು, ಹಾಲು ಸುರಿದು ಸಾಯುತ್ತಿದ್ದವು. ಹಾಲು ರೋಗ. ಮನೆಯೆಲ್ಲ ನಾತ. ಯಾಕೆ ಎಂದು ಅವನಿಗೆ ಅವತ್ತೇ ಗೊತ್ತಿತ್ತು. ಹಿಂದಿನ ಬೆಳೆ ಮುಗಿದ ಮೇಲೆ ತಟ್ಟೆಗಳನ್ನೆಲ್ಲ ಬ್ಲೀಚಿಂಗ್ ಪೌಡರಿನಲ್ಲಿ ತೊಳೆದು ಒಣಗಿಸಬೇಕಾಗಿತ್ತು. ಅವನು ಶಿಡ್ಲಘಟ್ಟದ ಕ್ರಿಕೆಟ್ ಟೂರ್ನಮೆಂಟಿಗೆ ಎರಡು ದಿನ ಹೋಗಿ, ಬಂದು ಬರೀ ನೀರಲ್ಲಿ ಅದ್ದಿ ಎತ್ತಿಟ್ಟಿದ್ದ. ಅಮ್ಮ ತಲೆಯ ಮೇಲೆ ಕೈ ಹೊತ್ತುಕೊಂಡು, ಹೆಂಗಾಯ್ತೋ ಇದು ಎಂದಾಗ ಅವನ ಬಾಯಿಂದ ಬಂದದ್ದು ಒಂದೇ ಮಾತು: ಇವಳೇ, ಪೌಡರ್ ಕೈಯಲ್ಲಿ ಮುಟ್ಟಿದ್ಲು. ಮಾತಿಗೆ ಬಲ ಬರಲಿ ಎಂದು ಅವಳ ಅದೇ ಮಣಿಕಟ್ಟು ಹಿಡಿದು ತಿಪ್ಪೆಯವರೆಗೆ ಎಳೆದುಕೊಂಡು ಹೋಗಿ, ಸತ್ತ ಹುಳದ ರಾಶಿಯ ಮುಂದೆ ನಿಲ್ಲಿಸಿದ್ದ. ನೋಡು, ನಿನ್ನ ಕೈ ಮಾಡಿದ ಕೆಲಸ. ವಿಷ ಐತೆ ನಿನ್ನ ಕೈಯಲ್ಲಿ. ಅವಳು ಅಳಲಿಲ್ಲ. ಎಷ್ಟೋ ದಿನ ಬಚ್ಚಲ ಕಲ್ಲಿಗೆ ಅಂಗೈ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು, ಮೂಸಿ ನೋಡುತ್ತಿದ್ದಳು. ಆಮೇಲಿಂದ ಹುಳದ ಮನೆಯ ಹೊಸ್ತಿಲು ತುಳಿಯಲಿಲ್ಲ. ಯಾಕೆ ಬರಲ್ಲ ನಿನ್ನ ತಂಗಿ ಎಂದು ಜನ ಕೇಳಿದಾಗ, ಓದ್ಲಿ ಅಂತ ಎಂದುಬಿಟ್ಟ. ಆ ಮಾತು ಎಷ್ಟು ಚೆನ್ನಾಗಿ ಕೂತಿತೆಂದರೆ, ಒಂದೆರಡು ವರ್ಷದಲ್ಲಿ ಅವನೇ ಅದನ್ನು ನಂಬಿದ.

ಅವನು ಗೇಟಿನ ಪಕ್ಕದ ಮುರಿದ ಬೇಲಿ ದಾಟಿ ಪರೀಕ್ಷೆಯ ಹಾಲಿನ ಹಿಂಬದಿಗೆ ಓಡಿದ. ಕಿಟಕಿಗಳಿಗೆ ಕಬ್ಬಿಣದ ಸರಳಿದ್ದವು, ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೇಜಿನ ಮೇಲೆ ನಂಬರು ಹಾಕಿದ ಬಟ್ಟಲುಗಳ ಸಾಲು, ನಿಮಿಷಕ್ಕೊಂದು ಗಂಟೆ ಹೊಡೆದ ಹಾಗೆ ಹುಡುಗರು ಒಂದೊಂದೇ ಬಟ್ಟಲು ಮುಂದಕ್ಕೆ ಸರಿಯುತ್ತಿದ್ದರು. ಯಾಮಿನಿ ಎಲ್ಲೂ ತಡವರಿಸಲಿಲ್ಲ. ಬಗ್ಗಿ ನೋಡುತ್ತಿದ್ದಳು, ಬರೆಯುತ್ತಿದ್ದಳು, ಮುಂದೆ ಹೋಗುತ್ತಿದ್ದಳು. ಕೊನೆಯ ಮೇಜಿನ ಹಿಂದೆ ವೆಂಕಟರಾಯಪ್ಪ, ಅವರ ಮುಂದೆ ಆ ಬಿದಿರಿನ ತಟ್ಟೆ. 'ಎತ್ತಮ್ಮ ಒಂದನ್ನ' ಎಂದರು. ಯಾಮಿನಿಯ ಎರಡೂ ಕೈ ಬೆನ್ನ ಹಿಂದೆ ಹೋದವು. ಕಿಟಕಿಯಿಂದ ಅವನಿಗೆ ಕಾಣುತ್ತಿದ್ದದ್ದು ಆ ಕೈಗಳೇ. ಒಂದರ ಬೆರಳನ್ನು ಇನ್ನೊಂದು ಬಿಗಿಯಾಗಿ ಹಿಡಿದುಕೊಂಡಿತ್ತು.

"ಹೆದರ್ಕೋಬೇಡ. ಎತ್ತು."

"ಆಗಲ್ಲ ಸಾರ್."

"ಹೆಸರೆಲ್ಲ ಸರಿಯಾಗಿ ಬರ್ದಿದೀಯಲ್ಲ. ಮನೇಲಿ ಹುಳ ಸಾಕ್ತೀವಿ ಅಂತ ಅರ್ಜೀಲಿದೆ?"

"ಹೌದು ಸಾರ್."

"ಸಾಕೋರ ಮನೆ ಮಗಳು ಹುಳಾನ ಮುಟ್ಟಲ್ವಾ? ಯಾವ ರೈತನ ಮಗಳಮ್ಮ ನೀನು? ಸರ್ಟಿಫಿಕೇಟು ಎಲ್ಲಿ ಮಾಡಿಸಿದ್ರಿ?"

ಪಕ್ಕದಲ್ಲಿ ಬರೆಯುತ್ತಿದ್ದ ಒಂದಿಬ್ಬರು ಹುಡುಗರು ತಲೆಯೆತ್ತಿ ನಕ್ಕರು. ಯಾಮಿನಿಯ ಕಿವಿ ಕೆಂಪಾಯಿತು. 'ಕೂತ್ಕೋ ಆ ಬೆಂಚಲ್ಲಿ. ಎಲ್ಲರದೂ ಮುಗೀಲಿ, ನಿನ್ನ ಕಾಗದಪತ್ರ ನೋಡಬೇಕು' ಎಂದರು ವೆಂಕಟರಾಯಪ್ಪ. ಮುನೇಶ ಸರಳು ಹಿಡಿದು ಯಾಮಿನೀ ಎಂದ, ಅದು ಕೂಗೋ ಪಿಸುಮಾತೋ ಅವನಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಗಂಗುಲಪ್ಪನ ಕೈ ಅವನ ಕಾಲರಿಗೆ ಬಿತ್ತು.

"ಏಯ್, ಕಿಟಕೀಲಿ ಉತ್ತರ ಹೇಳಿಕೊಡ್ತಿದೀಯಾ? ಬೆಳಿಗ್ಗೆ ನೋಡಿದ್ರೆ ಭಾರೀ ನ್ಯಾಯ ಮಾತಾಡ್ತಿದ್ದೆ!"

"ಇಲ್ಲಣ್ಣ, ಕೇಳು ಇಲ್ಲಿ..."

"ಸಾರ್ ಹತ್ರಾನೇ ಹೇಳು ನಡಿ."

ಎಲ್ಲರೂ ಬರೆದು ಹೋಗುವವರೆಗೆ ಅವನನ್ನು ಹಾಲಿನ ಮೂಲೆಯಲ್ಲಿ ನಿಲ್ಲಿಸಿದರು. ಆ ಅರ್ಧ ಗಂಟೆ ಬೆಂಚಿನ ಮೇಲಿದ್ದ ಯಾಮಿನಿ ಅವನ ಕಡೆ ನೋಡಲಿಲ್ಲ, ಪರಿಚಯವೇ ಇಲ್ಲದವಳ ಹಾಗೆ ಗೋಡೆಯ ಗಡಿಯಾರ ನೋಡುತ್ತಿದ್ದಳು. ಹೋಗುವ ಹುಡುಗರೆಲ್ಲ ಕಾಪಿ ಹೊಡೆಸಲು ಬಂದು ಸಿಕ್ಕಿಬಿದ್ದವನನ್ನು ನೋಡುವ ಹಾಗೆ ಅವನನ್ನು ನೋಡಿಕೊಂಡು ಹೋದರು. ಗಂಗುಲಪ್ಪ ದೂರು ಹೇಳಿದ. ವೆಂಕಟರಾಯಪ್ಪ ಕನ್ನಡಕ ಹಣೆಗೇರಿಸಿದರು.

"ನೀನಾ!"

"ನನ್ನ ತಂಗಿ ಸಾರ್ ಅವಳು" ಎಂದ ಮುನೇಶ.

"ಯಾರು? ಈ ಹುಡುಗೀನಾ?" ಅವರು ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು. "ಏಮಪ್ಪಾ ಇದು? ಬೆಳಿಗ್ಗೆ ಅಷ್ಟು ಹೇಳಿದವನು, ನಿನ್ನ ತಂಗೀಗೇ ಕಲಿಸಲಿಲ್ವಾ? ನಾನು ಸುಳ್ಳು ಸರ್ಟಿಫಿಕೇಟು ಅಂದ್ಕೊಂಡೆ. ಪಾಪ, ಬೈದೂಬಿಟ್ಟೆ. ಯಾಕೆ ಮುಟ್ಟಲ್ಲ ಇವಳು?"

ಹೇಳುವುದಾಗಿದ್ದರೆ ಆಗಲೇ ಹೇಳಬೇಕಿತ್ತು. ಮಾತು ನಾಲಿಗೆಯವರೆಗೆ ಬಂದಿತ್ತು: ತಟ್ಟೆ ತೊಳೆಯದವನು ನಾನು. ಯಾಮಿನಿ ಮೊದಲ ಸಲ ಗಡಿಯಾರದಿಂದ ಕಣ್ಣು ತೆಗೆದು ಅವನ ಬಾಯಿಯನ್ನೇ ನೋಡಿದಳು. ಏಳು ವರ್ಷದಿಂದ ಕಾಯುತ್ತಿದ್ದವಳ ಹಾಗೆ ನೋಡಿದಳು.

"ಓದ್ಲಿ ಅಂತ ಸಾರ್" ಎಂದ ಮುನೇಶ. "ಮುಟ್ಟಕ್ಕೆ ಬಿಡಲಿಲ್ಲ."

ಅವಳು ಕಣ್ಣು ತಗ್ಗಿಸಿದಳು. ವೆಂಕಟರಾಯಪ್ಪನವರಿಗೆ ಆ ಉತ್ತರ ಹಿಡಿಸಿತು, ಅವರ ಮುಖ ಸಡಿಲಾಯಿತು. ನಮ್ಮಪ್ಪನೂ ಹಂಗೇ ಕಣಯ್ಯಾ, ನನಗೆ ನೇಗಿಲು ಮುಟ್ಟಕ್ಕೆ ಬಿಡಲಿಲ್ಲ ಎಂದರು. ಅಂಕದ ಹಾಳೆ ಹೊರಗೇ ಇತ್ತು. ಬಾಯಿಪರೀಕ್ಷೆಯ ಮನೆ ಖಾಲಿ ಇತ್ತು. "ಇನ್ನೂ ಲಕೋಟೆಗೆ ಹಾಕಿಲ್ಲ. ಬಾಮ್ಮ, ಇನ್ನೊಂದು ಸಲ ನೋಡಣ. ಒಂದನ್ನ ಎತ್ತಿ, ಹಣ್ಣೋ ಕಾಯಿಯೋ ಹೇಳು, ಸಾಕು, ಪೂರ್ತಿ ಕೊಡ್ತೀನಿ. ಏನಪ್ಪಾ ನಿನ್ನ ಹೆಸರು? ಹಾಂ, ಮುನೇಶ. ತಟ್ಟೆ ನೀನೇ ಹಿಡಿ. ಅಣ್ಣ ಹಿಡಿದ್ರೆ ಅವಳಿಗೂ ಧೈರ್ಯ ಬರುತ್ತೆ."

ತಟ್ಟೆ ಅವನ ಕೈಗೆ ಬಂತು. ಅದರ ತೂಕ, ಅಂಚಿನ ಸೀಳು ಬಿದಿರು, ಸೊಪ್ಪಿನ ಕೆಳಗಿನ ಬೆಚ್ಚನೆಯ ಹಸಿ, ಎಲ್ಲ ಅವನ ಬೆರಳುಗಳಿಗೆ ಹುಟ್ಟಿದಾಗಿನಿಂದ ಗೊತ್ತಿದ್ದದ್ದು. ಹುಳಗಳು ತಲೆಯೆತ್ತಿ ಹುಡುಕುತ್ತಿದ್ದವು. ಯಾಮಿನಿ ಬೆಂಚಿನಿಂದ ಎದ್ದಳು. ಕೈಯನ್ನು ದುಪಟ್ಟಕ್ಕೆ ಒರೆಸಲು ಹೋಗಿ, ಒರೆಸದೆ ಬಿಟ್ಟಳು. ಮೇಜಿನ ಆ ಕಡೆ ಬಂದು ನಿಂತು ತಟ್ಟೆಯೊಳಗೆ ನೋಡಿದಳು, ನೋಡುತ್ತಾ ನೋಡುತ್ತಾ ಅವಳ ಮುಖದಲ್ಲಿ ಎಂದೋ ಮರೆತಿದ್ದ ಒಂದು ಆಸೆ ಮೆಲ್ಲಗೆ ಮೂಡಿತು. "ಇದು ಹಣ್ಣಾಗೈತೆ" ಎಂದಳು, ಸಣ್ಣ ದನಿಯಲ್ಲಿ, ಊರಿನ ಮಾತಲ್ಲಿ. "ಭೇಷ್, ಎತ್ತು ಮತ್ತೆ" ಎಂದರು ವೆಂಕಟರಾಯಪ್ಪ. ಎತ್ತಮ್ಮಾ, ಎತ್ತಮ್ಮಾ ಎಂದು ಮುನೇಶನ ಮೈಯೆಲ್ಲ ಬೇಡಿಕೊಳ್ಳುತ್ತಿತ್ತು. ಅವಳ ಬಲಗೈ ನಿಧಾನವಾಗಿ ಚಾಚಿಕೊಂಡು ಬಂತು, ಆ ಬಿಳಿಯ ಬೆರಳು, ಪೆನ್ನಿನ ಗಂಟು, ಎಲ್ಲಿಂದಲೋ ಹುಡುಗಿಯರ ಸೋಪಿನ ಒಂದೆಳೆ ವಾಸನೆ. ಬೆರಳು ಸೊಪ್ಪಿನ ಅಂಚಿಗೆ ಬಂತು, ಹುಳದ ಮುಂದೆ ನಿಂತಿತು.

ತಟ್ಟೆ ಸರ್ರನೆ ಹಿಂದಕ್ಕೆ ಸರಿಯಿತು.

ಯಾರು ಎಳೆದದ್ದು ಎಂದು ಮುನೇಶನಿಗೆ ಗೊತ್ತಾಗುವಷ್ಟರಲ್ಲಿ ತಟ್ಟೆ ಅವನ ಹೊಟ್ಟೆಗೆ ಒತ್ತಿಕೊಂಡು ನಿಂತಿತ್ತು. ಅವನ ಎರಡೂ ಮೊಣಕೈಗಳು ಅದರ ಸುತ್ತ ಮಡಚಿಕೊಂಡಿದ್ದವು. ಯಾಮಿನಿಯ ಬೆರಳು ಖಾಲಿ ಗಾಳಿಯಲ್ಲಿ ಹಾಗೇ ಇತ್ತು. ಅವಳು ಅದನ್ನು ಒಂದು ಕ್ಷಣ ನೋಡಿದಳು, ಆಮೇಲೆ ಕೈ ಮಡಚಿಕೊಂಡಳು. ಅಳಲಿಲ್ಲ, ಸಿಟ್ಟು ಮಾಡಲಿಲ್ಲ.

"ನೋಡಿದ್ರಲ್ಲ ಸಾರ್" ಎಂದಳು.

ವೆಂಕಟರಾಯಪ್ಪ ಹಣೆಯ ಮೇಲಿನ ಕನ್ನಡಕವನ್ನು ಮೂಗಿಗೆ ಇಳಿಸಿದರು. ಪೆನ್ನಿನ ಮುಚ್ಚಳ ತೆಗೆದು, ಖಾಲಿ ಮನೆಯಲ್ಲಿ ಏನನ್ನೋ ಬರೆದು, ಹಾಳೆಯನ್ನು ಲಕೋಟೆಯೊಳಗೆ ಇಳಿಸಿ ಅಂಟು ಹಚ್ಚಿದರು. ಮುನೇಶ ತಟ್ಟೆಯನ್ನು ಮತ್ತೆ ಮುಂದಕ್ಕೆ ಚಾಚಿದ. ಇಲ್ಲಮ್ಮಾ, ಕೈ ಜಾರಿತು, ಬಾ, ಎತ್ಕೋ, ನೀನೇ ಎತ್ಕೋ ಎಂದು ಹೇಳುತ್ತಲೇ ಇದ್ದ. ಮೇಜಿನ ಆ ಕಡೆ ಯಾರೂ ಇರಲಿಲ್ಲ.